ಹೊಡೆಯಬೇಡ ಎಂದ ಒಂಬತ್ತು ವಾರ

ಶಿಬಿರದ ಮೊದಲ ದಿನ ಬೆಳಿಗ್ಗೆ ಐದೂವರೆಗೆ ನಾನು ಸೀಟಿ ಊದಿದಾಗ ಇಪ್ಪತ್ತೆರಡು ಹುಡುಗಿಯರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ನನ್ನ ಪದ್ಧತಿ ಅದು. ಮೊದಲು ಎತ್ತರ. ಆಮೇಲೆ ನಿಂತಲ್ಲಿಂದ ಕೈ ಎಲ್ಲಿಗೆ ಎಟುಕುತ್ತದೆ, ಓಡಿ ಬಂದು ಜಿಗಿದರೆ ಎಲ್ಲಿಗೆ ಎಟುಕುತ್ತದೆ. ಈ ಮೂರು ಅಂಕಿ ಬರೆದುಕೊಂಡ ಮೇಲೆಯೇ ಚೀಲದಿಂದ ಚೆಂಡು ಹೊರಗೆ ಬರುತ್ತದೆ. ತಡವಾಗಿ ಬಂದವರು ಯಾರೂ ಇರಲಿಲ್ಲ. ಐದೂವರೆ ಎಂದರೆ ಐದು ಇಪ್ಪತ್ತು ಎಂದು ಹಿಂದಿನ ಸಂಜೆಯೇ ಹೇಳಿದ್ದೆ.

ಸಾಲಿನಲ್ಲಿ ಹದಿನೇಳನೆಯವಳು ನನ್ನದೇ ಊರಾದ ಭದ್ರಾವತಿಯ ಜನ್ನಾಪುರದ ಹುಡುಗಿ. ನನ್ನ ಸಹಾಯಕ ತರಬೇತುದಾರರು ಅಳತೆಪಟ್ಟಿ ಹಿಡಿದು "ನೂರ ಅರವತ್ತಾರು" ಎಂದರು. ನಾನು ಬರೆದೆ. ಸೆಂಟಿಮೀಟರಿನ ಆ ಲೆಕ್ಕ ನನಗೆ ಮೊದಲೇ ಗೊತ್ತಿತ್ತು. ಅವಳಿಗೆ ಹದಿನೈದು ತುಂಬಿದಾಗ ನಮ್ಮೂರಿನ ಅಂಕಣದ ಕಂಬಕ್ಕೆ ನಿಲ್ಲಿಸಿ ನಾನೇ ಅಳೆದಿದ್ದೆ. ಆಗಲೂ ಅಷ್ಟೇ ಇತ್ತು. ಈಗ ಅವಳಿಗೆ ಇಪ್ಪತ್ತೊಂದು.

ರಾಷ್ಟ್ರೀಯ ಮಹಿಳಾ ವಾಲಿಬಾಲ್ ತಂಡದ ಮುಖ್ಯ ತರಬೇತುದಾರನಾಗಿ ಅದು ನನಗೆ ಮೂರನೆಯ ವರ್ಷ. ಶಿಬಿರ ಬೇರೆ ರಾಜ್ಯದಲ್ಲಿ ನಡೆಯಬೇಕಿತ್ತು. ಅಲ್ಲಿಯ ಅಂಕಣದ ನೆಲ ಕಿತ್ತು ರಿಪೇರಿಗೆ ಬಿಟ್ಟಿದ್ದರಿಂದ ಕೊನೆಗಳಿಗೆಯಲ್ಲಿ ಶಿವಮೊಗ್ಗಕ್ಕೆ ಬಂತು. ನವುಲೆಯ ಕಡೆ ಒಂದು ಒಳಾಂಗಣ, ನಡೆದು ಹೋಗುವಷ್ಟು ದೂರದಲ್ಲಿ ಹಾಸ್ಟೆಲು. ಒಂಬತ್ತು ವಾರ ಮುಗಿದ ಮೇಲೆ ಹದಿನಾಲ್ಕು ಜನರ ಪಟ್ಟಿ ಕಳಿಸಿ ನಾವು ಏಷ್ಯಾ ಮಟ್ಟದ ಟೂರ್ನಿಗೆ ಹೊರಡಬೇಕು. ಊರಿನ ಹುಡುಗಿಯನ್ನು ಶಿಬಿರಕ್ಕೆ ಕರೆದವನು ನಾನಲ್ಲ. ದೇಶದೊಳಗಿನ ಪಂದ್ಯಗಳಲ್ಲಿ ಅವಳು ಹೊಡೆದ ಹೊಡೆತ ನೋಡಿ ಆಯ್ಕೆಗಾರರು ಕರೆದಿದ್ದರು. ಆ ಹೊಡೆತ ಕಲಿಸಿದವನು ಮಾತ್ರ ನಾನೇ.

ಮೂರನೆಯ ದಿನ ತಿಂಡಿಯ ನಂತರ ಅವಳನ್ನು ಕೋಣೆಗೆ ಕರೆದೆ.

"ಅಟ್ಯಾಕರ್ ಆಗಿ ನಿನ್ನ ಕರ್ಕೊಂಡ್ ಹೋಗೋಕ್ಕಾಗಲ್ಲ."

"ಯಾಕೆ ಸಾರ್?"

"ಎತ್ತರ ಸಾಲದು. ಅಲ್ಲಿ ನಿನ್ನ ಎದುರು ಬ್ಲಾಕಿಗೆ ನಿಲ್ಲೋರು ನೂರ ತೊಂಬತ್ತರ ಹತ್ರ ಇರ್ತಾರೆ."

ಅವಳು ಒಂದು ಕ್ಷಣ ನನ್ನನ್ನು ನೋಡಿ, "ನನ್ನ ಎತ್ತರ ನಿನ್ನೆ ಕಮ್ಮಿ ಆಗಿದ್ದಾ ಸಾರ್?" ಎಂದಳು.

ಕೊಂಕಿನಿಂದ ಕೇಳಿದ್ದಲ್ಲ. ನಿಜವಾಗಿ ಕೇಳಿದ್ದಳು. ಅವಳಿಗೆ ಆಗ ಹೇಳದ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ನಾನು ಕಾರ್ಖಾನೆಯ ತಂಡದಲ್ಲಿ ಹದಿನೆಂಟು ವರ್ಷ ಸೆಟ್ಟರ್ ಆಗಿದ್ದವನು, ಅಂದರೆ ಹೊಡೆಯುವವನಿಗೆ ಚೆಂಡನ್ನು ಎತ್ತಿ ಕೊಡುವವನು. ಕುಳ್ಳ ಎಂದೇ ನನ್ನನ್ನು ಆ ಜಾಗಕ್ಕೆ ಹಾಕಿದ್ದರು. ನಮ್ಮ ಊರಿನ ಟೂರ್ನಿಗಳಲ್ಲಿ ಹೊಡೆದವನಿಗೆ ಶಿಳ್ಳೆ ಬೀಳುತ್ತಿತ್ತು. ಎತ್ತಿ ಕೊಟ್ಟವನ ಹೆಸರು ಮೈಕು ಹಿಡಿದವನಿಗೂ ಗೊತ್ತಿರುತ್ತಿರಲಿಲ್ಲ. ಈ ಹುಡುಗಿ ಹದಿಮೂರನೆಯ ವಯಸ್ಸಿನಲ್ಲಿ, ನಾನು ಎತ್ತಿದ ಚೆಂಡನ್ನು ಮೊದಲ ಸಲ ನೆಟ್ಟಿನ ಮೇಲಿಂದ ನೆಲಕ್ಕೆ ಬಡಿದಾಗ ರಸ್ತೆಯಲ್ಲಿ ಹೋಗುತ್ತಿದ್ದವರು ಸೈಕಲ್ ನಿಲ್ಲಿಸಿ ನೋಡಿದರು. ಹದಿನೈದರಲ್ಲಿ ಅವಳ ಬೆಳವಣಿಗೆ ನಿಂತಿತು. ಹಿಂದಿನ ಸಾಲಿಗೆ ಕಳಿಸಿ, ಎದುರಾಳಿಯ ಚೆಂಡು ತೆಗೆಯುವುದನ್ನು ಕಲಿಸಬೇಕಾದ ವಯಸ್ಸು ಅದೇ. ಬೇರೆ ಯಾವ ಹುಡುಗಿಯಾಗಿದ್ದರೂ ಕಳಿಸುತ್ತಿದ್ದೆ. ಇವಳ ವಿಷಯದಲ್ಲಿ ಬರುವ ವರ್ಷ ನೋಡೋಣ ಎಂದುಕೊಂಡೆ. ಮುಂದಿನ ವರ್ಷವೂ ಹಾಗೇ ಅಂದುಕೊಂಡೆ. ಸಂಜೆ ಹೊತ್ತು ನಲವತ್ತು, ಐವತ್ತು ಜನ ಅವಳ ಹೊಡೆತ ನೋಡಲು ಬಂದು ನಿಲ್ಲುತ್ತಿದ್ದರು.

"ಲಿಬೆರೊ ಆಗ್ತೀಯಾ?" ಎಂದು ಕೇಳಿದೆ.

ಲಿಬೆರೊ ಎಂದರೆ ಹಿಂದಿನ ಸಾಲಿನಲ್ಲಷ್ಟೇ ಆಡುವವಳು. ಎಲ್ಲರದ್ದೂ ಒಂದು ಬಣ್ಣದ ಅಂಗಿಯಾದರೆ ಅವಳದ್ದು ಬೇರೆ ಬಣ್ಣ. ನೆಟ್ಟಿನ ಎತ್ತರಕ್ಕಿಂತ ಮೇಲಿರುವ ಚೆಂಡನ್ನು ಅವಳು ಆ ಕಡೆಗೆ ಹೊಡೆಯುವ ಹಾಗಿಲ್ಲ, ನೆಟ್ಟಿನ ಮೇಲೆ ಕೈಯೆತ್ತಿ ಹಾರಿ ಎದುರಾಳಿಯ ಹೊಡೆತವನ್ನು ಬ್ಲಾಕ್ ಮಾಡುವ ಹಾಗಿಲ್ಲ. ಕೆಲಸ ಎರಡೇ. ಎದುರಾಳಿಯ ಸರ್ವನ್ನು ಮುಂಗೈಗಳ ಮೇಲೆ ತೆಗೆದುಕೊಂಡು ಸೆಟ್ಟರ್ ನಿಂತಲ್ಲಿಗೆ ತಲುಪಿಸುವುದು ಒಂದು. ನಮ್ಮವಳು ಹೊಡೆದದ್ದು ಬ್ಲಾಕಿಗೆ ಬಡಿದು ನಮ್ಮ ಕಡೆಗೇ ಬಿದ್ದರೆ ಅದನ್ನು ನೆಲ ಮುಟ್ಟದಂತೆ ಎತ್ತುವುದು ಇನ್ನೊಂದು. ತಂಡಕ್ಕೆ ಇಬ್ಬರು ಲಿಬೆರೊ. ಮೊದಲನೆಯ ಜಾಗ ಒಬ್ಬ ಅನುಭವಿಗೆ ಖಚಿತವಾಗಿತ್ತು. ಎರಡನೆಯದು ಖಾಲಿ.

"ಒಂಬತ್ತು ವಾರದಲ್ಲಿ ಬರತ್ತಾ ಸಾರ್?"

"ಬರಿಸೋಣ."

"ನೀವು ಬರತ್ತೆ ಅಂದ್ರೆ ಬರತ್ತೆ," ಎಂದು ಎದ್ದಳು. ಬಾಗಿಲಲ್ಲಿ ನಿಂತು, "ಅಬ್ಬಾಗೆ ನಾನೇ ಹೇಳ್ತೀನಿ. ನೀವ್ ಫೋನ್ ಮಾಡ್ಬೇಡಿ," ಎಂದಳು.

ಅಂದಿನಿಂದಲೇ ಒಂದು ನಿಯಮ ಮಾಡಿದೆ: ಶಿಬಿರ ಮುಗಿಯುವವರೆಗೆ ಒಂದೇ ಒಂದು ಚೆಂಡನ್ನೂ ಹೊಡೆಯಬಾರದು. ಅಭ್ಯಾಸದಲ್ಲಿಲ್ಲ, ತಮಾಷೆಗಿಲ್ಲ, ಗೋಡೆಗೂ ಇಲ್ಲ. ಕಾರಣ ಸರಳ. ಅಟ್ಯಾಕರಿನ ಕಾಲು ಮೂರು ಹೆಜ್ಜೆಯಲ್ಲಿ ಯೋಚಿಸುತ್ತದೆ: ಎಡ, ಬಲ, ಎಡ, ಜಿಗಿತ. ಸೆಟ್ಟರ್ ಕೈಯಿಂದ ಚೆಂಡು ಮೇಲೆದ್ದ ಕೂಡಲೇ ಅವಳ ದೇಹ ಹೇಳದೆ ಕೇಳದೆ ಹೊರಡುತ್ತಿತ್ತು. ಲಿಬೆರೊ ಕೂಡ ಆಗ ಮುಂದಕ್ಕೆ ಬರಬೇಕು, ಆದರೆ ಎರಡು ಹೆಜ್ಜೆ ಮಾತ್ರ. ಎಡ, ಬಲ, ನಿಲ್ಲು, ಕೂರು. ಮಂಡಿ ಬಾಗಿಸಿ, ಮುಂಗೈ ಚಾಚಿ, ಬ್ಲಾಕಿನಿಂದ ಬೀಳುವ ಚೆಂಡಿಗೆ ಕಾಯಬೇಕು. ಮೂರನೆಯ ಹೆಜ್ಜೆಯನ್ನು ಅವಳ ಕಾಲಿನಿಂದ ತೆಗೆಯಬೇಕಿತ್ತು.

ಮೊದಲ ವಾರದ ಕೊನೆಗೆ ನಮ್ಮೊಳಗೇ ಎರಡು ತಂಡ ಮಾಡಿ ಆಡಿಸಿದೆ. ಹಳದಿ ಅಂಗಿ ಹಾಕಿ ಅವಳನ್ನು ಇಳಿಸಿದೆವು. ಎರಡನೆಯ ಸೆಟ್ಟಿನಲ್ಲಿ ಒಂದು ಚೆಂಡು ನೆಟ್ಟಿನ ಹತ್ತಿರ ಒಳ್ಳೆಯ ಎತ್ತರಕ್ಕೆ ಎದ್ದಿತು. ಅವಳು ಹಿಂದಿನಿಂದ ಓಡಿ ಬಂದು, ಹೊಡೆಯಬೇಕಾದವಳನ್ನು ಪಕ್ಕಕ್ಕೆ ಸರಿಸಿ, ಹಾರಿ ಬಡಿದೇಬಿಟ್ಟಳು. ಚೆಂಡು ಆ ಕಡೆಯ ಮೂಲೆಗೆ ಸಿಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಫೌಲಿನ ಸೀಟಿ ಊದಿದೆ.

"ಏನ್ ಮಾರಾಯ್ತಿ, ಲಿಬೆರೊಗೆ ರೆಕ್ಕೆ ಬಂತಾ?" ಎಂದು ಸಹಾಯಕರು ನಕ್ಕರು. ಅವರು ಶಿವಮೊಗ್ಗದ ಕೋಟೆ ಬೀದಿಯವರು, ಹಿಂದೆ ಆಡಿದವರು, ಮಾತು ಚುರುಕು.

"ಕಾಲು ಹೋಯ್ತು ಮೇಡಂ. ನಾನ್ ಹೋಗ್ಲಿಲ್ಲ," ಎಂದು ಹುಡುಗಿಯೂ ನಕ್ಕಳು.

ನಾನು ನಗಲಿಲ್ಲ. ಮಾರನೆಯ ದಿನದಿಂದ ಅವಳಿಗೆ ಪ್ರತ್ಯೇಕ ಅರ್ಧ ಗಂಟೆ. ನಾನು ನೆಟ್ಟಿನ ಬಳಿ ನಿಂತು ಚೆಂಡು ಎತ್ತುವುದು, ಅವಳು ಎರಡು ಹೆಜ್ಜೆ ಓಡಿ ನಿಂತು ಕೂರುವುದು. ಚೆಂಡು ಅವಳ ಎದುರು ನೆಲಕ್ಕೆ ಬೀಳಬೇಕು, ಅವಳು ಅದನ್ನು ಬೀಳಲು ಬಿಡಬೇಕು; ಕಾಲು ನಿಲ್ಲುವುದಷ್ಟೇ ಅಲ್ಲಿಯ ಪಾಠ. ಬೆಳಿಗ್ಗೆ ನೂರು, ಸಂಜೆ ನೂರು. ಮೂರನೆಯ ಹೆಜ್ಜೆ ಇಟ್ಟರೆ ಲೆಕ್ಕ ಮತ್ತೆ ಒಂದರಿಂದ. ಮೊದಲ ದಿನ ಅವಳು ಹದಿನಾಲ್ಕಕ್ಕಿಂತ ಮುಂದೆ ಹೋಗಲಿಲ್ಲ. ನಾಲ್ಕನೆಯ ವಾರದಲ್ಲಿ ಒಂದು ಬೆಳಿಗ್ಗೆ ನೂರೂ ಮುಗಿಸಿದಳು. ಅಂದು ನನಗೆ ಬಹಳ ಸಂತೋಷವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಸರ್ವ್ ತೆಗೆಯುವುದು ಹಾಗಲ್ಲ. ಅದನ್ನು ಎಣಿಸಿ ಕಲಿಸಲು ಬರುವುದಿಲ್ಲ. ಗಾಳಿಯಲ್ಲಿ ತಿರುಗದೆ ತೇಲಿ ಬರುವ ಸರ್ವ್ ಕೊನೆಯ ಒಂದು ಮೀಟರಿನಲ್ಲಿ ಎಡಕ್ಕೋ ಬಲಕ್ಕೋ ಜಾರುತ್ತದೆ. ಎಲ್ಲಿಗೆ ಜಾರುತ್ತದೆ ಎಂಬುದನ್ನು ಸರ್ವ್ ಮಾಡುವವಳ ಭುಜದಲ್ಲೇ ಓದಬೇಕು. ಅದಕ್ಕೆ ವರ್ಷಗಳು ಬೇಕು. ಸರ್ವ್ ತೆಗೆದು ಸೆಟ್ಟರಿಗೆ ತಲುಪಿಸುವ ಪ್ರತಿ ಪಾಸಿಗೆ ನಾನು ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟು ಪುಸ್ತಕದಲ್ಲಿ ಬರೆಯುತ್ತೇನೆ. ಎರಡಕ್ಕಿಂತ ಮೇಲಿನ ಸರಾಸರಿ ಇದ್ದರೆ ಆ ಮಟ್ಟದಲ್ಲಿ ನಿಲ್ಲಬಹುದು. ಅವಳದ್ದು ಒಂದೂವರೆಯಿಂದ ಹೊರಟು ಒಂದೂ ಮುಕ್ಕಾಲಿಗೆ ಬಂದು ನಿಂತುಬಿಟ್ಟಿತು. ಮುಂಗೈ ನೀಲಿಗಟ್ಟಿತ್ತು.

ಒಂದು ಭಾನುವಾರ ಅವಳ ತಂದೆ ಬಂದರು. ಜನ್ನಾಪುರದಲ್ಲಿ ಅವರದ್ದು ಆಟೋ, ಲಗೇಜ್ ಗಾಡಿಗಳ ರಿಪೇರಿ ಶೆಡ್ಡು. ಸೀಟಿನ ಮೇಲೆ ಕೂರದೆ, ಗೋಡೆಗೆ ಒರಗಿ ಎರಡು ಗಂಟೆ ನಿಂತು ನೋಡಿದರು. ವಿರಾಮದಲ್ಲಿ ನನ್ನ ಹತ್ತಿರ ಬಂದರು.

"ಸಾರ್, ಎಲ್ಲಾರ್ಗೂ ನೀಲಿ ಬನಿಯನ್ನು. ನಮ್ ಬೇಟಿಗೆ ಮಾತ್ರ ಹಳದಿ. ಏನಾದ್ರೂ ಶಿಕ್ಷೆನಾ?"

"ಅಲ್ಲ ಸಾಹೇಬ್ರೆ. ಅವಳ ಜಾಗಕ್ಕೆ ಆ ಬಣ್ಣ. ಅವಳು ಹೇಳಿಲ್ವಾ?"

"ಹೇಳಿದ್ಳು, ಹೊಸ ಪೊಸಿಷನ್ ಅಂತ." ಅವರು ಅಂಕಣದ ಕಡೆ ನೋಡಿದರು. "ಮತ್ತೆ ಯಾವಾಗ ಹೊಡೀತಾಳೆ? ಬೆಳಗ್ಗಿಂದ ಕಾಯ್ತಾ ಇದೀನಿ."

ಹೊಡೆಯುವುದಿಲ್ಲ, ಅವಳ ಕೆಲಸವೇ ಬೇರೆ ಎಂದು ವಿವರಿಸಿದೆ. ಅವರು ತಲೆಯಾಡಿಸುತ್ತ ಕೇಳಿದರು. ಕೊನೆಗೆ, "ಆಯ್ತು ಸಾರ್. ನೀವ್ ಮಾಡಿದ್ರೆ ಸರಿಯಾಗೇ ಇರತ್ತೆ," ಎಂದು ಮಗಳಿಗೆ ಕೈ ಬೀಸಿ ಬಸ್ಸಿಗೆ ಹೋದರು.

ಐದನೆಯ ವಾರದಲ್ಲಿ ಇಪ್ಪತ್ತೆರಡನ್ನು ಹದಿನಾರಕ್ಕೆ ಇಳಿಸಿದೆ. ಎರಡನೆಯ ಲಿಬೆರೊ ಜಾಗಕ್ಕೆ ಮೂವರಿದ್ದರು: ಒಬ್ಬಳು ತಮಿಳುನಾಡಿನವಳು, ಒಬ್ಬಳು ಕೇರಳದವಳು, ಇವಳು. ತಮಿಳುನಾಡಿನವಳು ಎಲ್ಲರಿಗಿಂತ ಮುಂದಿದ್ದಳು. ಕೇರಳದವಳ ಸರಾಸರಿ ಎರಡರ ಮೇಲೆ ಸ್ವಲ್ಪ, ಇವಳದ್ದು ಒಂದೂ ಮುಕ್ಕಾಲು. ನಾನು ಕೇರಳದವಳನ್ನು ಮನೆಗೆ ಕಳಿಸಿದೆ. "ಇವಳು ಹೊಸಬಳು, ಇನ್ನೂ ಏರ್ತಾಳೆ," ಎಂದು ಸಹಾಯಕರಿಗೆ ಕಾರಣ ಕೊಟ್ಟೆ. ಅವರು ಪುಸ್ತಕ ನೋಡಿದರು, ನನ್ನ ಮುಖ ನೋಡಿದರು. ನನ್ನ ಪುಸ್ತಕಕ್ಕೆ ವಿರುದ್ಧವಾಗಿ ಆ ಮೂರು ವರ್ಷಗಳಲ್ಲಿ ನಾನು ಮಾಡಿದ ನಿರ್ಧಾರ ಅದೊಂದೇ.

ಎಂಟನೆಯ ವಾರ ತಮಿಳುನಾಡಿನವಳು ಡೈವ್ ಮಾಡುವಾಗ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿದರು. ಎರಡನೆಯ ಲಿಬೆರೊ ಜಾಗಕ್ಕೆ ಉಳಿದವಳು ಇವಳೊಬ್ಬಳೇ. ಅದು ಇವಳದ್ದೇ ಎಂಬಂತೆ ಮಧ್ಯಾಹ್ನದ ಊಟದಲ್ಲಿ ಹುಡುಗಿಯರು ಇವಳ ತಟ್ಟೆಗೆ ತಮ್ಮ ಪಾಲಿನ ಮೊಟ್ಟೆ ಹಾಕುತ್ತಿದ್ದರು. ಒಂಬತ್ತನೆಯ ವಾರ ಆಯ್ಕೆಯ ಆಟ ಎಂದು ಪುರುಷರ ಕಾಲೇಜು ತಂಡವೊಂದನ್ನು ಕರೆಸಿ ಮೂರು ದಿನ ಸರ್ವ್ ಮಾಡಿಸಿದೆ. ಬ್ಲಾಕಿನಿಂದ ಬೀಳುವ ಚೆಂಡುಗಳಿಗೆ ಅವಳು ಎರಡು ಹೆಜ್ಜೆ ಇಟ್ಟು ನಿಂತು ಕೂತಳು, ಒಂದನ್ನೂ ಬಿಡಲಿಲ್ಲ. ಆದರೆ ಸರ್ವ್ ಮಾಡುವವನು ಅವಳ ಬಲಭುಜಕ್ಕೆ ಗುರಿಯಿಟ್ಟ. ಮೊದಲನೆಯದು ಪಕ್ಕಕ್ಕೆ ಹಾರಿತು. ಎರಡನೆಯದು ಛಾವಣಿಗೆ ತಾಗಿತು. ಮೂರನೆಯದಕ್ಕೆ ಅವಳು ಮೊದಲೇ ಪಕ್ಕಕ್ಕೆ ಸರಿದು ಕಾದಳು. ಚೆಂಡು ಅವಳು ಮೊದಲು ನಿಂತಿದ್ದ ಜಾಗಕ್ಕೇ ಬಿತ್ತು.

ಪಟ್ಟಿ ಮಾರನೆಯ ಬೆಳಿಗ್ಗೆ ಹತ್ತಕ್ಕೆ ಹೋಗಬೇಕು. ಸಹಾಯಕರು ನನ್ನ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡರು.

"ಸಾರ್, ಎರಡನೇ ಲಿಬೆರೊ ಅಲ್ಲಿ ಬೆಂಚಲ್ಲೇ ಕೂರ್ತಾಳೆ. ಯಾರಾದ್ರೂ ನಡೆಯತ್ತೆ. ಇವಳ ಹೆಸರು ಬರೀರಿ."

"ಮೊದಲನೆಯವಳ ಪಾಸು ಕೆಟ್ರೆ?"

"ಕೆಡಲ್ಲ."

"ಕೆಟ್ರೆ?"

"ಕೆಟ್ರೆ ಸೋಲ್ತೀವಿ. ನಾವೇನ್ ಗೆಲ್ಲೋಕ್ಕೆ ಹುಟ್ಟಿದೀವಾ?" ಅವರ ದನಿ ಏರಿತು. "ಮೊದಲ್ನೇ ವಾರದ್ ಆ ಒಂದ್ ಚೆಂಡ್ ಬಿಟ್ರೆ ಆ ಹುಡ್ಗಿ ಒಂಬತ್ತ್ ವಾರ ನಿಮ್ ಮಾತ್ ಮೀರಿಲ್ಲ ಸಾರ್. ಗೋಡೆಗೂ ಒಂದ್ ಚೆಂಡ್ ಹೊಡೆದಿಲ್ಲ. ನಾನ್ ನೋಡಿದೀನಿ."

ಅವರು ಹೇಳಿದ್ದೆಲ್ಲ ನಿಜ. ನಾನು ಪುಸ್ತಕ ತೆರೆದು ಕೊನೆಯ ಮೂರು ದಿನಗಳ ಪುಟವನ್ನು ಅವರ ಮುಂದಿಟ್ಟೆ. ಐದನೆಯ ವಾರ ಒಮ್ಮೆ ತಪ್ಪಿದ್ದೆ. ಊರಿನವಳು ಎಂದು ತಪ್ಪಿದ್ದೆ. ಅದನ್ನೇ ಇನ್ನೊಮ್ಮೆ ದೇಶದ ಹೆಸರಿನಲ್ಲಿ ಮಾಡಿದರೆ ಉಳಿದ ಹದಿಮೂರು ಜನಕ್ಕೆ ಏನು ಹೇಳುವುದು? ಬೆಂಚಿನಲ್ಲಿ ಕೂರಲಿಕ್ಕೆಂದು ನಾನು ಈವರೆಗೆ ಯಾರ ಹೆಸರನ್ನೂ ಬರೆದವನಲ್ಲ. ಕೇರಳದ ಹುಡುಗಿಗೆ ಫೋನ್ ಮಾಡಿ, ಮೊದಲು ಕ್ಷಮೆ ಕೇಳಿ, ಆಮೇಲೆ ಬರಲು ಹೇಳಿದೆ. ಅವಳು ಫೋನಿನಲ್ಲೇ ಅತ್ತಳು. ಹದಿನಾಲ್ಕನೆಯ ಸಾಲಿನಲ್ಲಿ ಅವಳ ಹೆಸರು ಬರೆದು ಸಹಿ ಹಾಕಿದೆ. ಸಹಾಯಕರು ಕುರ್ಚಿಯನ್ನು ಇದ್ದ ಜಾಗಕ್ಕೆ ಇಟ್ಟು ಹೊರಗೆ ಹೋದರು.

ಬೆಳಿಗ್ಗೆ ಏಳಕ್ಕೆ ಜನ್ನಾಪುರದ ಹುಡುಗಿಯನ್ನು ಕರೆದು ನಿಂತೇ ಹೇಳಿದೆ. ಇಂಥದ್ದನ್ನು ಸುತ್ತಿ ಬಳಸಿ ಹೇಳಬಾರದು. ಅವಳು ಹಳದಿ ಅಂಗಿ ಹಾಕಿಕೊಂಡೇ ಬಂದಿದ್ದಳು. ನೆಲ ನೋಡುತ್ತ ಕೇಳಿದಳು. ಕೊನೆಗೆ, "ಇನ್ ಮೇಲೆ ಹೊಡೀಬಹುದಾ ಸಾರ್?" ಎಂದಳು.

"ಹೊಡಿ," ಎಂದೆ.

ಅವಳು ಅಂಗಿ ಒಗೆದು, ಮಡಿಸಿ, ಕಚೇರಿಗೆ ಒಪ್ಪಿಸಿ, ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದಳು.

ತಂಡ ಹೊರಡಲು ಮೂರು ದಿನ ಇತ್ತು. ಎರಡನೆಯ ದಿನ ಬೆಳಿಗ್ಗೆ ನಾನು ಭದ್ರಾವತಿಗೆ ಹೋದೆ. ಅವಳ ತಂದೆಗೆ ಮುಖ ತೋರಿಸದೆ ವಿಮಾನ ಹತ್ತುವುದು ಸರಿಯಲ್ಲ ಎನಿಸಿತು. ಶೆಡ್ಡಿನಲ್ಲಿ ಅವರು ಒಂದು ಆಟೋದ ಕೆಳಗೆ ಮಲಗಿದ್ದರು. ನನ್ನ ಚಪ್ಪಲಿ ನೋಡಿಯೇ ಗುರುತು ಹಿಡಿದು ಹೊರಗೆ ಬಂದರು, ಕೈ ಒರೆಸಿಕೊಂಡು ಸ್ಟೂಲು ಹಾಕಿದರು. ನಾನು ಕೂರಲಿಲ್ಲ.

"ಎತ್ತರ ಸಾಲ್ಲಿಲ್ಲ ಅಂತೆ," ಎಂದರು.

"ಹೌದು."

"ಅದು ಈಗ ಗೊತ್ತಾಗಿದ್ದಾ ಸಾರ್?"

"ಅಲ್ಲ. ಅವಳಿಗೆ ಹದಿನೈದು ಇದ್ದಾಗ್ಲೇ ಗೊತ್ತಿತ್ತು. ಆಗ್ಲೇ ಹಿಂದಿನ ಸಾಲಿಗೆ ಹಾಕಿದ್ರೆ ಇವತ್ತು ಅವಳು ತಂಡದಲ್ಲಿ ಇರ್ತಿದ್ಳು. ನಾನ್ ಹಾಕ್ಲಿಲ್ಲ."

"ಯಾಕೆ?"

"ಅವಳು ಹೊಡೆಯೋದು ನೋಡೋಕ್ಕೆ ನಂಗೆ ಇಷ್ಟ ಇತ್ತು."

ಅವರು ಕೈಯಲ್ಲಿದ್ದ ಬಟ್ಟೆಯನ್ನು ತಿರುಗಿಸಿದರು. "ನಂಗೂ ಇಷ್ಟ ಇತ್ತು ಸಾರ್," ಎಂದರು. "ಆದ್ರೆ ನಾನು ಮೆಕ್ಯಾನಿಕ್ಕು. ನೀವು ಮಾಸ್ಟ್ರು." ಆಮೇಲೆ ಗಲ್ಲಿಯ ತುದಿಯ ಕಡೆ ಕೈ ತೋರಿಸಿದರು. "ಗ್ರೌಂಡಲ್ಲಿ ಇದಾಳೆ. ಹೋಗಿ ನೋಡಿ. ನಾನೂ ಬರ್ತೀನಿ."

ಹಳೆಯ ಅಂಕಣದಲ್ಲಿ ಅವಳೊಬ್ಬಳೇ ನೆಟ್ ಕಟ್ಟಿಕೊಂಡಿದ್ದಳು. ನಮಸ್ಕಾರ ಮಾಡಿದಳು. ಕೋಪ ಇದ್ದರೂ ಕಾಣಿಸಲಿಲ್ಲ. "ಎತ್ತಿ ಕೊಡೋರಿಲ್ಲ ಸಾರ್," ಎಂದಳು. ನಾನು ಚಪ್ಪಲಿ ಬಿಟ್ಟು ನೆಟ್ಟಿನ ಬಳಿ ಸೆಟ್ಟರ್ ನಿಲ್ಲುವಲ್ಲಿ ನಿಂತೆ. ಅವಳು ಚೆಂಡನ್ನು ನನ್ನ ಕಡೆ ಎಸೆದು ಹಿಂದೆ ಸರಿದಳು. ಬೆರಳು ಮೊದಲಿನ ಹಾಗೆ ಬಾಗುವುದಿಲ್ಲ, ಆದರೂ ಚೆಂಡು ಸರಿಯಾದ ಎತ್ತರಕ್ಕೇ ಎದ್ದಿತು. ಅವಳು ಹೊರಟಳು. ಎಡ, ಬಲ. ನಿಂತಳು. ಮಂಡಿ ಬಾಗಿತು, ಮುಂಗೈಗಳು ತಾವಾಗಿ ಚಾಚಿಕೊಂಡವು. ಚೆಂಡು ಅವಳ ಎದುರು ಮಣ್ಣಿಗೆ ಬಿತ್ತು.

"ಅಯ್ಯೋ," ಎಂದು ನಕ್ಕಳು. "ಇನ್ನೊಂದ್ ಸಾರ್."

ಮತ್ತೆ ಎತ್ತಿದೆ. ಎಡ, ಬಲ. ನಿಂತಳು. ಮೂರನೆಯದಕ್ಕೂ ಹಾಗೇ ಆಯಿತು. ನಾಲ್ಕನೆಯದಕ್ಕೆ ಹಟದಿಂದ ಕಾಲೆತ್ತಿದಳು. ಅಷ್ಟರಲ್ಲಿ ಚೆಂಡು ಕೆಳಗೆ ಬಂದು ಬೆರಳ ತುದಿಗೆ ತಾಗಿ ನೆಟ್ಟಿಗೆ ಬಿತ್ತು. ಅವಳೀಗ ನಗುತ್ತಿರಲಿಲ್ಲ. ತಂದೆ ಬಂದು ಬೇಲಿಯ ಹತ್ತಿರ ನಿಂತಿದ್ದರು.

"ಹೊಡಿ ಬೇಟಾ!" ಎಂದು ಒಮ್ಮೆ ಕೂಗಿದರು. ಆಮೇಲೆ ಕೂಗಲಿಲ್ಲ.

ಏಳು, ಎಂಟು, ಒಂಬತ್ತು. ಪ್ರತಿ ಸಲವೂ ಅದೇ ಎರಡು ಹೆಜ್ಜೆ. ನಾನು ಕಲಿಸಿದ್ದು ಅಷ್ಟು ಸರಿಯಾಗಿ ಕೂತಿತ್ತು. ಸ್ವಲ್ಪ ದಿನ ಬಿಟ್ಟರೆ ಬರುತ್ತದೆ ಎಂದು ಹೇಳಲು ಬಾಯಿ ತೆರೆದೆ. ಬರುತ್ತದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಬರಿಸೋಣ ಎಂದು, ಗೊತ್ತಿಲ್ಲದ್ದನ್ನು ಅವಳಿಗೆ ಒಮ್ಮೆ ಹೇಳಿ ಆಗಿತ್ತು. ಬಾಯಿ ಮುಚ್ಚಿ ಇನ್ನೊಂದು ಚೆಂಡು ಎತ್ತಿದೆ.

ಹತ್ತನೆಯದು ಉರುಳಿ ಬೇಲಿಯವರೆಗೆ ಹೋಯಿತು. ತಂದೆ ಬಗ್ಗಿ ಎತ್ತಿಕೊಟ್ಟರು. ಅವಳು ಅವರ ಮುಖ ನೋಡದೆ ಅದನ್ನು ತೆಗೆದುಕೊಂಡು, ಮಣ್ಣು ಒರೆಸಿ, ನನ್ನವರೆಗೆ ನಡೆದು ಬಂದು ನನ್ನ ಎರಡೂ ಕೈಗಳಲ್ಲಿಟ್ಟಳು.

"ಸ್ವಲ್ಪ ಎತ್ತರ ಹಾಕಿ ಸಾರ್," ಎಂದಳು.

ಹಾಕಿದೆ.